ಅನಂತರಾಮಯ್ಯ ಗರುಡನ ಬೆನ್ನು ಕಂಡದ್ದು

ಆ ದಿನ ಟ್ರಂಕ್‌ಕಾಲ್ ಸರಿಯಾಗಿ ಕೇಳಿಸಿದ್ದರೆ ಅನಂತರಾಮಯ್ಯನವರ ಮೈಗೆ ಹತ್ತು ಕಿಲೋ ಕೂಡಿಕೊಳ್ಳುತ್ತಿರಲಿಲ್ಲ, ಗುಬ್ಬಿಯ ಬಯಲಿಗೆ ಒಂದು ಲಾರಿ ತೆಂಗಿನಕಾಯಿಯೂ ಹೋಗುತ್ತಿರಲಿಲ್ಲ. ಆದರೆ ಜನತಾ ಸರ್ಕಾರ ಬಂದ ಮರುವರ್ಷದ ಆ ಕಾಲದಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮಾತು ಬರಬೇಕಾದರೆ ಅರ್ಧ ದಾರಿಯಲ್ಲೇ ಸೋರಿಹೋಗುತ್ತಿತ್ತು. ಸೋರಿದ್ದನ್ನು ಕೇಳಿದವರೇ ತುಂಬಿಕೊಳ್ಳಬೇಕು.

ತುಮಕೂರಿನ ಚಿಕ್ಕಪೇಟೆಯ ಆ ಬೀದಿಗೆಲ್ಲ ಇದ್ದದ್ದು ಒಂದೇ ಫೋನು. ಅದು ಲಾಯರ್ ಜಯರಾಮಯ್ಯನವರ ನಡುಮನೆಯಲ್ಲಿ ಕಸೂತಿಯ ಬಟ್ಟೆ ಹೊದ್ದುಕೊಂಡು ಮದುವಣಗಿತ್ತಿಯ ಹಾಗೆ ಕೂತಿರುತ್ತಿತ್ತು. ಅನಂತರಾಮಯ್ಯನವರ ಹೆಂಡತಿ ಕಮಲಾಕ್ಷಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಫೋನು ಎತ್ತಿದರು. ಆ ಕಡೆ ಅವರ ತಮ್ಮ ಯೋಗನರಸಿಂಹ. ಬೆಂಗಳೂರಿನ ಕಾರ್ಖಾನೆಯಲ್ಲಿ ಇಂಜಿನಿಯರು, ಇನ್ನೂ ಬ್ರಹ್ಮಚಾರಿ.

"ಅಕ್ಕಾ, ಭಾವನ ತೂಕ ಎಷ್ಟು?"

"ದುಃಖಾನಾ? ಅವರಿಗೇನೋ ದುಃಖ? ಚೆನ್ನಾಗೇ ಇದಾರೆ!"

"ದುಃಖ ಅಲ್ವೇ, ತೂಕ! ತೂಕ! ಅರವತ್ತು ತುಂಬತ್ತಲ್ಲ… ಗುಬ್ಬಿ ಹತ್ರ… ಕೂರಿಸಿ… ಮೇಲಕ್ಕೆ ಎತ್ತಿ… ಯಾರಿಗೂ ಹೇಳ್ಬೇಡ, ಸರ್‌ಪ್ರೈಸು!"

ಅಲ್ಲಿಗೆ ಲೈನು ಕಟ್ಟಾಯಿತು. ಕಮಲಾಕ್ಷಮ್ಮ ರಿಸೀವರನ್ನು ಕೈಯಲ್ಲಿ ಹಿಡಿದುಕೊಂಡೇ ಜಯರಾಮಯ್ಯನವರ ಮುಖ ನೋಡಿದರು. ಜಯರಾಮಯ್ಯ ವಕೀಲಿ ಬಿಟ್ಟು ವರ್ಷಗಳಾಗಿದ್ದರೂ ತೀರ್ಪು ಕೊಡುವ ಚಟ ಬಿಟ್ಟಿರಲಿಲ್ಲ.

"ಅರವತ್ತು ತುಂಬತ್ತೆ ಅಂದ. ತೂಕ ಕೇಳ್ದ. ಕೂರಿಸಿ ಮೇಲಕ್ಕೆ ಎತ್ತುತೀನಿ ಅಂದ. ಇದು ತುಲಾಭಾರ ಅಲ್ದೆ ಇನ್ನೇನಮ್ಮ? ಹೈಕೋರ್ಟಿಗೆ ಹೋದ್ರೂ ಇದೇ ಜಡ್ಜ್‌ಮೆಂಟು."

ಯಾರಿಗೂ ಹೇಳಬೇಡ ಎಂದಿದ್ದರಿಂದ ಸಂಜೆ ದೀಪ ಹಚ್ಚುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬಂದು ಅನಂತರಾಮಯ್ಯನವರ ಕಿವಿಯಲ್ಲಿ "ನಿಮಗೆ ಗೊತ್ತಿಲ್ಲದ ಹಾಗೇ ಇರಿ" ಎಂದು ಪಿಸುಗುಟ್ಟಿ ಹೋದರು. ಅವರೂ ಗೊತ್ತಿಲ್ಲದ ಹಾಗೇ ಇದ್ದರು. ಆದರೆ ನಡಿಗೆ ಬದಲಾಯಿತು. ನಿನ್ನೆಯವರೆಗೆ ಗೋಡೆ ಸವರಿಕೊಂಡು ಹೋಗುತ್ತಿದ್ದ ಮನುಷ್ಯ ಈಗ ಬೀದಿಯ ನಡುಮಧ್ಯೆ, ತಮ್ಮ ಒಂದೊಂದು ಸೇರಿಗೂ ಬೆಲೆಯಿದೆ ಎಂಬಂತೆ ಹೆಜ್ಜೆ ಇಡತೊಡಗಿದರು.

ಅವರನ್ನು ದೂರುವ ಹಾಗಿಲ್ಲ. ಸ್ಕೂಲ್ ಇನ್‌ಸ್ಪೆಕ್ಟರ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಹೆಡ್‌ಕ್ಲಾರ್ಕ್ ಆಗಿ ರಿಟೈರಾದ ಜೀವ. ಬೀಳ್ಕೊಡುಗೆಯ ದಿನ ತರಿಸಿದ್ದ ಹಾರ ಸಭೆ ಮುಗಿದ ಮೇಲೆ ಬಂದು, ಅದನ್ನು ಜವಾನನೇ ಗೇಟಿನ ಹತ್ತಿರ ಹಾಕಿ ಕಳಿಸಿದ್ದ. ಮರ್ಯಾದೆ ಎಂಬುದು ಅವರ ಪಾಲಿಗೆ ಯಾವಾಗಲೂ ಕಾಲು ಗಂಟೆ ತಡವಾಗಿಯೇ ಬರುತ್ತಿತ್ತು. ಅಂಥವರನ್ನು ತಕ್ಕಡಿಯಲ್ಲಿ ಕೂರಿಸಿ, ನಾಲ್ಕು ಜನರೆದುರು ತೂಗಿ, "ನೋಡಿ, ಈ ಮನುಷ್ಯ ಇಷ್ಟು ತೂಗುತ್ತಾನೆ" ಎಂದು ಹೇಳುವುದೆಂದರೆ ಸಾಮಾನ್ಯವೇ?

ಸುದ್ದಿ ಕುಣಿಗಲ್ಲಿಗೂ ಮುಟ್ಟಿತು. ಮೂರನೆಯ ದಿನ ಬೆಳಗಿನ ಬಸ್ಸಿಗೆ ಅನಂತರಾಮಯ್ಯನವರ ಅಕ್ಕ ಅಂಬುಜಮ್ಮ ಒಂದು ಡಬ್ಬ ತುಪ್ಪದೊಂದಿಗೆ ಬಂದಿಳಿದರು. ಅಂಬುಜಮ್ಮ ಎಂದರೆ ಕುಣಿಗಲ್ ಬಸ್ಸಿನ ಕಂಡಕ್ಟರನೂ ಎದ್ದು ನಿಂತು ಟಿಕೆಟ್ ಕೊಡುವಂಥ ಹೆಂಗಸು. ಹೊಸ್ತಿಲಲ್ಲೇ ನಿಂತು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದೇನೇ ಕಮಲಾಕ್ಷಿ, ಇವನು ಹಿಂಗಿದ್ರೆ ನಾಲ್ಕು ಕಾಯಿ ಇಟ್ಟ ತಕ್ಷಣ ಮೇಲೆದ್ದು ಬಿಡ್ತಾನಲ್ಲೇ! ನಮ್ಮ ಮನೆತನದ ಮಾನ ಏನಾಗ್ಬೇಕು?"

"ಎಂಬತ್ತೆರಡು ಕಿಲೋ ಇದಾರೆ ಅತ್ತಿಗೆ. ಡಾಕ್ಟ್ರು ಕಮ್ಮಿ ಮಾಡಿ ಅಂದಿದಾರೆ."

"ಡಾಕ್ಟ್ರಿಗೆ ತುಲಾಭಾರದ ಗಂಧಗಾಳಿ ಗೊತ್ತೇನೇ? ಎಲೆ ಹಾಕು."

ಅಂದಿನಿಂದ ಒಂದು ತಿಂಗಳು ಆ ಮನೆಯಲ್ಲಿ ಒಲೆ ಆರಲಿಲ್ಲ. ಬೆಳಿಗ್ಗೆ ತುಪ್ಪ ಸುರಿದ ಪೊಂಗಲ್, ಮಧ್ಯಾಹ್ನ ಒಬ್ಬಟ್ಟು, ಸಂಜೆ ಕೊಬ್ಬರಿ ಮಿಠಾಯಿ. ಅನಂತರಾಮಯ್ಯ "ಸಾಕಕ್ಕ" ಎಂದಾಗಲೆಲ್ಲ ಅಂಬುಜಮ್ಮ "ದೇವರ ಕೆಲಸ ಕಣೋ ಅನಂತು, ಹೊಟ್ಟೆ ನೋಡ್ಕೊಂಡು ಕೂತ್ಕೋಬಾರ್ದು" ಎನ್ನುತ್ತಿದ್ದರು. ವಾರಕ್ಕೊಮ್ಮೆ ರೈಲ್ವೆ ಸ್ಟೇಷನ್ನಿಗೆ ಕರೆದೊಯ್ದು, ಬಣ್ಣದ ದೀಪಗಳು ಮಿನುಗುವ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಯಂತ್ರ ಗಡಗಡ ಸದ್ದು ಮಾಡಿ ಚೀಟಿ ಉಗುಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಕೊನೆಯ ವಾರ "ನೀವು ಶೀಘ್ರದಲ್ಲೇ ಉನ್ನತ ಸ್ಥಾನಕ್ಕೆ ಏರುವಿರಿ" ಎಂದು ಬಂತು. ಅಂಬುಜಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದರು.

ಈ ನಡುವೆ ಯೋಗನರಸಿಂಹನ ಫೋನು ಇನ್ನೊಮ್ಮೆ ಬಂತು. ಕಮಲಾಕ್ಷಮ್ಮ ಎಂಬತ್ತೆರಡು ಎಂದು ಕಿರುಚಿದರು. ಅವನು "ಭೇಷ್! ಭಾನುವಾರ ಬೆಳಿಗ್ಗೆ, ಬಿದರೆಹಳ್ಳಿ ಕಾವಲ್" ಎಂದು ಕಿರುಚಿದ. ಎಂಬತ್ತೆರಡು ಹಳೆಯ ಲೆಕ್ಕವಾಯಿತು ಎಂದು ಹೇಳುವಷ್ಟರಲ್ಲಿ ಲೈನು ಎಂದಿನಂತೆ ಸತ್ತಿತು.

"ಆ ಬ್ರಹ್ಮಚಾರಿ ಕೈಲಿ ಏನಾಗತ್ತೆ? ತಕ್ಕಡಿ ತರೋದೂ ಮರೀತಾನೆ," ಎಂದು ಅಂಬುಜಮ್ಮ ತಾವೇ ಸೊಂಟ ಕಟ್ಟಿದರು. ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ತೂಗುವ ಕೆಲಸದ ಕಾಳಯ್ಯನನ್ನು ಗೊತ್ತುಮಾಡಿದರು. ಮಂಡಿಯ ದೊಡ್ಡ ತಕ್ಕಡಿ, ಅದನ್ನು ತೂಗುಹಾಕುವ ಮೂರು ಕಾಲಿನ ಮರ, ಲಾರಿ ತುಂಬ ತೆಂಗಿನಕಾಯಿ, ಒಬ್ಬ ಪುರೋಹಿತರು, ಇಷ್ಟರ ಜೊತೆಗೆ ಬೀದಿಯ ಜನ. ಭಾನುವಾರ ಬೆಳಿಗ್ಗೆ ಜರಿಪೇಟ, ಕರಿಕೋಟು, ಶಲ್ಯ, ಮಡಿಪಂಚೆಯಲ್ಲಿ ಅನಂತರಾಮಯ್ಯ ಲಾರಿಯ ಮುಂದಿನ ಸೀಟಿನಲ್ಲಿ ಕೂತರು. ಈಗಲೂ ಅವರಿಗೆ ಏನೂ ಗೊತ್ತಿರಲಿಲ್ಲ.

ಬಿದರೆಹಳ್ಳಿ ಕಾವಲ್ ಎಂದರೆ ದನ ಮೇಯುವ ದೊಡ್ಡ ಬಯಲು. ಲಾರಿ ಧೂಳೆಬ್ಬಿಸಿ ನಿಂತಿತು. ಪುರೋಹಿತರು ಇಳಿದು ಸುತ್ತ ನೋಡಿ, "ದೇವಸ್ಥಾನ ಎಲ್ಲಮ್ಮಾ?" ಎಂದರು.

ದೇವಸ್ಥಾನವಿರಲಿಲ್ಲ. ಬಯಲಿನ ನಡುವೆ ಒಂದು ಬಿಳಿಯ ವಸ್ತು ಒಂದು ಪಕ್ಕಕ್ಕೆ ವಾಲಿಕೊಂಡು ಮಲಗಿತ್ತು. ತೆಳ್ಳಗಿನ ಮೈ, ಆ ಮೈಗೆ ಸಲ್ಲದಷ್ಟು ಉದ್ದದ ರೆಕ್ಕೆಗಳು. ಕುರಿ ಮೇಯಿಸುತ್ತಿದ್ದ ಹನುಮಕ್ಕ ಎಂಬ ಮುದುಕಿ ಅದರ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ, ಬಂದವರನ್ನೇ ವಿಚಾರಿಸಿಕೊಂಡಳು.

"ಅಲ್ಲ ಕಣ್ರಪ್ಪ, ಇದ್ರ ಇಂಜಿನ್ನ ಯಾವನ್ಲಾ ಬಿಚ್ಕೊಂಡೋದವ್ನು? ಪೋಲೀಸ್ನೋರಿಗೆ ಯೋಳಿದ್ರಾ?"

ಅಷ್ಟರಲ್ಲಿ ಯೋಗನರಸಿಂಹ ಓಡಿಬಂದ. ಲಾರಿ ನೋಡಿದ, ಕಾಯಿ ನೋಡಿದ, ಪುರೋಹಿತರನ್ನು ನೋಡಿದ. ಪ್ರತಿಯೊಂದನ್ನು ನೋಡಿದಾಗಲೂ ಓಟ ಸ್ವಲ್ಪ ಸ್ವಲ್ಪ ನಿಧಾನವಾಯಿತು.

"ಅಕ್ಕಾ, ಇದೆಲ್ಲ ಏನು?"

"ತುಲಾಭಾರಕ್ಕೆ ಕಣೋ. ನೀನೇ ಅಂದ್ಯಲ್ಲ, ಕೂರಿಸಿ ಮೇಲಕ್ಕೆ ಎತ್ತುತೀನಿ ಅಂತ!"

"ಇದ್ರಲ್ಲಿ ಕೂರಿಸಿ ಕಣೇ!" ಎಂದು ಅವನು ಆ ಬಿಳಿಯ ವಸ್ತುವಿನ ಕಡೆ ಕೈ ತೋರಿಸಿದ. "ಗ್ಲೈಡರ್ ಇದು. ನಮ್ಮ ಕ್ಲಬ್ಬಿನೋರು ಇಲ್ಲಿ ಕ್ಯಾಂಪ್ ಹಾಕಿದೀವಿ. ಇಂಜಿನ್ ಇರಲ್ಲ, ಬರೀ ಗಾಳಿ ಮೇಲೆ ಹೋಗತ್ತೆ. ಭಾವನಿಗೆ ಅರವತ್ತಕ್ಕೆ ನನ್ನ ಉಡುಗೊರೆ."

ಮೊದಲು ಎಚ್ಚೆತ್ತವರು ಅಂಬುಜಮ್ಮ.

"ಅರವತ್ತು ತುಂಬಿದೋರ್ನ ದೇವರ ಮುಂದೆ ಕೂರಿಸ್ತಾರೆ ಕಣೋ, ದೇವರ ಹತ್ರಕ್ಕೇ ಕಳಿಸ್ಬಿಡ್ತಾರೇನೋ!"

ಜಯರಾಮಯ್ಯ ಗಂಟಲು ಸರಿಮಾಡಿಕೊಂಡು, ಇಂಜಿನ್ನಿಲ್ಲದ ವಾಹನ ಕಾನೂನಿನ ಕಣ್ಣಿಗೆ ವಾಹನವೇ ಅಲ್ಲ, ಆದ್ದರಿಂದ ಅಪಘಾತವಾದರೆ ಅದು ಅಪಘಾತವೂ ಅಲ್ಲ ಎಂದು ಅಭಿಪ್ರಾಯ ಕೊಟ್ಟರು. ಇದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಅನಂತರಾಮಯ್ಯನವರಂತೂ ಲಾರಿಯ ಕಡೆಗೆ ಎರಡು ಹೆಜ್ಜೆ ಹಿಂದೆ ಸರಿದರು.

"ನನ್ನನ್ನ ಯಾಕೋ ನರಸಿಂಹ?" ಎಂದರು ಮೆಲ್ಲಗೆ.

"ನಾನು ನಿಮ್ಮನೇಲಿದ್ದು ಓದ್ತಿದ್ದಾಗ ಆಷಾಢದಲ್ಲಿ ತಾರಸಿ ಮೇಲೆ ಪಟ ಬಿಡ್ತಿದ್ವಲ್ಲ ಭಾವ. ಒಂದ್ಸಲ ದಾರ ಎಲ್ಲ ಬಿಟ್ಟಾದ್ಮೇಲೆ, ಪಟ ಚುಕ್ಕಿ ಹಂಗೆ ಕಾಣ್ತಿತ್ತು. ನೀವು ನೋಡ್ತಾ ನೋಡ್ತಾ ಅಂದ್ರಿ, 'ಅಲ್ಲಿಂದ ನಮ್ಮನೆ ಹೆಂಗೆ ಕಾಣ್ತಿರಬಹುದೋ' ಅಂತ. ನೀವು ಮರೆತಿದೀರ. ನಾನು ಅವತ್ತಿಂದ ಯೋಚ್ನೆ ಮಾಡ್ತಿದೀನಿ."

ಅನಂತರಾಮಯ್ಯ ನಿಜಕ್ಕೂ ಮರೆತಿದ್ದರು.

ಹಾರಿಸುವವರು ವೆಂಕಟರಂಗಯ್ಯ, ವಾಯುಸೇನೆಯಿಂದ ನಿವೃತ್ತರಾದ, ಮಾತಿಗೆ ಭತ್ಯೆ ಕೊಡಬೇಕೇನೋ ಎನ್ನುವಷ್ಟು ಮಿತಭಾಷಿ. ಅನಂತರಾಮಯ್ಯನವರ ಹೊಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, "ಇದು ಎಂಬತ್ತೆರಡಾ?" ಎಂದರು. "ತೊಂಬತ್ತು ದಾಟಿದ್ರೆ ಕೂರಿಸಲ್ಲ. ಇಲ್ಲಿ ತೂಕದ ಯಂತ್ರ ಬೇರೆ ಇಲ್ಲ."

"ತಕ್ಕಡಿ ಐತೆ ಸಾಮಿ," ಎಂದ ಕಾಳಯ್ಯ ಲಾರಿಯ ಮೇಲಿನಿಂದ.

ಹೀಗೆ ತುಲಾಭಾರ ನಡೆದೇಹೋಯಿತು. ಮೂರು ಕಾಲಿನ ಮರ ನಿಲ್ಲಿಸಿ ತಕ್ಕಡಿ ಕಟ್ಟಿದರು. ಒಂದು ತಟ್ಟೆಯಲ್ಲಿ ಕಾಳಯ್ಯ ತೊಂಬತ್ತು ಕಿಲೋ ತೂಕದ ಬೊಟ್ಟು ಜೋಡಿಸಿದ, ಇನ್ನೊಂದರಲ್ಲಿ ಅನಂತರಾಮಯ್ಯ ಚಕ್ಕಳಮಕ್ಕಳ ಹಾಕಿ ಕೂತರು. ಬಂದದ್ದಕ್ಕೆ ಆಗಲಿ ಎಂದು ಪುರೋಹಿತರು ಮಂತ್ರ ಶುರುಮಾಡಿದರು. ಅನಂತರಾಮಯ್ಯನವರ ತಟ್ಟೆ ಧಡ್ ಎಂದು ನೆಲಕ್ಕೆ ಕೂತಿತು.

"ಶಭಾಷ್!" ಎಂದು ಅಂಬುಜಮ್ಮ ಚಪ್ಪಾಳೆ ತಟ್ಟಿ, ಇದು ಆ ಲೆಕ್ಕದ ತೂಕವಲ್ಲ ಎಂದು ನೆನಪಾಗಿ ಕೈ ತಡೆದರು.

ಶಲ್ಯ ತೆಗೆದರು. ತಟ್ಟೆ ಮೇಲೇಳಲಿಲ್ಲ. ಜೋಡು ತೆಗೆದರು. ಸ್ವಲ್ಪ ಅಲುಗಿತು. ಜರಿಪೇಟವನ್ನು ಕಮಲಾಕ್ಷಮ್ಮ ಎರಡೂ ಕೈಯಲ್ಲಿ ಇಳಿಸಿಕೊಂಡರು. ಮುಂದೇನು ಎಂದು ಜನ ಪಂಚೆಯ ಕಡೆ ನೋಡುತ್ತಿದ್ದಂತೆ ಜಯರಾಮಯ್ಯ ಮುಂದೆ ಬಂದು, "ಅದಕ್ಕೆ ಮಾತ್ರ ಸೆಕ್ಷನ್ ಇದೆ" ಎಂದು ಎಚ್ಚರಿಸಿದರು. ತಟ್ಟೆ ಇನ್ನೂ ನೆಲ ಬಿಟ್ಟಿರಲಿಲ್ಲ.

"ಹೋಗ್ಲಿ ಬುಡಿ ಸಾಮಿ, ಒಸಿ ಭಾರ ಆಯ್ತು," ಎಂದ ಕಾಳಯ್ಯ.

ಅನಂತರಾಮಯ್ಯನವರಿಗೆ ಹೋದ ಜೀವ ಬಂದಂತಾಯಿತು. ಇದಕ್ಕಿಂತ ಗೌರವದ ಬಿಡುಗಡೆ ಯಾರಿಗೆ ಸಿಕ್ಕೀತು? ಹೆದರಿ ಅಲ್ಲ, ಭಾರ ಹೆಚ್ಚಾಗಿ ಹೋಗಲಿಲ್ಲ ಎಂದರೆ ತುಮಕೂರಿನಲ್ಲಿ ತಲೆಯೆತ್ತಿ ಓಡಾಡಬಹುದು. ಏಳಲು ಹೊರಟರು. ಆಗ ಯೋಗನರಸಿಂಹನ ಮುಖ ಕಾಣಿಸಿತು. ಪಟದ ದಾರ ಕಿತ್ತುಹೋದಾಗ ತಾರಸಿಯ ಮೂಲೆಯಲ್ಲಿ ಹೋಗಿ ನಿಲ್ಲುತ್ತಿದ್ದನಲ್ಲ, ಹಾಗೆ ನಿಂತಿದ್ದ.

ಅನಂತರಾಮಯ್ಯ ಮತ್ತೆ ಕೂತರು. ಕರಿಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಕೋಟಿನ ಜೇಬಿನಲ್ಲಿ ಬೆಳ್ಳಿಯ ಎಲೆಅಡಿಕೆ ಡಬ್ಬಿ, ಗಡಿಯಾರ, ಅಕ್ಕ ತುರುಕಿದ್ದ ಕೊಬ್ಬರಿ ಮಿಠಾಯಿಯ ಪೊಟ್ಟಣ, ಮನೆಯ ಆರೂ ಬೀಗದ ಕೈಗಳು. ಎಲ್ಲದರ ಸಮೇತ ಕೋಟನ್ನು ಹೆಂಡತಿಯ ಕೈಗೆ ಕೊಟ್ಟರು. ಬನೀನು ಪಂಚೆಯಲ್ಲಿ ಕಣ್ಣುಮುಚ್ಚಿ ಕೂತರು. ತಟ್ಟೆ ನೆಲ ಬಿಟ್ಟಿತು. ಆ ಕಡೆ ಈ ಕಡೆ ತೂಗಾಡಿ, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು.

"ಸರಿ," ಎಂದರು ವೆಂಕಟರಂಗಯ್ಯ.

ಮುಂದಿನ ಸೀಟಿನಲ್ಲಿ ಅನಂತರಾಮಯ್ಯನವರನ್ನು ಕೂರಿಸಿ ಪಟ್ಟಿ ಬಿಗಿದರು. ಹಿಂದೆ ವೆಂಕಟರಂಗಯ್ಯ ಕೂತರು. ಗಾಜಿನ ಮುಚ್ಚಳ ಮುಚ್ಚಿತು. ಬಯಲಿನ ಆ ತುದಿಯಲ್ಲಿದ್ದ ಯಂತ್ರ ಗ್ಲೈಡರಿನ ಮೂತಿಗೆ ಸಿಕ್ಕಿಸಿದ್ದ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳತೊಡಗಿದಾಗ, ಎದುರಿನ ಹುಲ್ಲೆಲ್ಲ ಹೊಟ್ಟೆಯ ಕೆಳಕ್ಕೆ ಓಡಿಬಂತು. ಮರುಕ್ಷಣ ಹುಲ್ಲೇ ಇರಲಿಲ್ಲ. ಪಾದಗಳು ಆಕಾಶದ ಕಡೆ, ಬೆನ್ನು ಭೂಮಿಯ ಕಡೆ. "ಕಮಲಾ!" ಎಂದು ಅವರು ಕೂಗಿದ್ದು ಸತ್ಯ. ಆದರೆ ಆ ಹೆಸರು ದೇವಿಗೂ ಇರುವುದರಿಂದ ಯಾರನ್ನು ಕರೆದರೆಂದು ಇಂದಿಗೂ ತೀರ್ಮಾನವಾಗಿಲ್ಲ.

ಮೇಲೆ ಹೋಗಿ ಮೂತಿ ತಗ್ಗಿತು. ಢಣ್ ಎಂದು ಸದ್ದಾಯಿತು.

"ಅಯ್ಯೋ, ಹಗ್ಗ ಕಿತ್ಹೋಯ್ತು!"

"ನಾನೇ ಬಿಟ್ಟೆ."

"ಯಾಕ್ರೀ ಬಿಟ್ರಿ? ಹಿಡ್ಕೊಳ್ರೀ!"

"ಕಣ್ಣು ಬಿಡಿ ಸ್ವಾಮಿ," ಎಂದರು ವೆಂಕಟರಂಗಯ್ಯ.

ಅನಂತರಾಮಯ್ಯ ಒಂದು ಕಣ್ಣು ಬಿಟ್ಟರು. ಆಮೇಲೆ ಇನ್ನೊಂದು.

ಸದ್ದಿರಲಿಲ್ಲ. ರೇಷ್ಮೆಯ ಮೇಲೆ ಕೈಯಾಡಿಸಿದ ಹಾಗೆ ಗಾಳಿ ಸರಿಯುತ್ತಿತ್ತು, ಅಷ್ಟೆ. ಕೆಳಗೆ ತೆಂಗಿನ ತೋಟಗಳು. ಹುಟ್ಟಿದಾಗಿನಿಂದ ಅವರು ತೆಂಗಿನ ಮರವನ್ನು ತಲೆಯೆತ್ತಿ ನೋಡಿದ್ದರೇ ಹೊರತು ಅದರ ನೆತ್ತಿ ಕಂಡವರಲ್ಲ. ಈಗ ಕಂಡರು. ಒಂದೊಂದು ಮರವೂ ಯಾರೋ ಅಂಗಳದಲ್ಲಿ ಬೆರಳಲ್ಲಿ ಎಳೆದ ಹಸಿರು ನಕ್ಷತ್ರ. ಊರಿಗೂರೇ ಅಂಥ ರಂಗೋಲಿ. ನಡುವೆ ರಾಗಿ ಕೊಯ್ದ ಕೆಂಪು ಹೊಲಗಳು, ಅವುಗಳ ಅಂಚಿನಲ್ಲಿ ದಾರದೆಳೆಯಂಥ ರೈಲುಹಾದಿ. ಗುಬ್ಬಿಯ ಕೆರೆ ಅಂಗೈಯಗಲದ ಕನ್ನಡಿ. ಆ ಕಡೆ ನೀಲಿಯಾಗಿ ದೇವರಾಯನದುರ್ಗ. ಅದರ ಬುಡದಲ್ಲಿ ಬಿಳಿ ಬಿಳಿಯಾಗಿ, ಯಾರೋ ಚೆಲ್ಲಿದ ಅವಲಕ್ಕಿಯ ಹಾಗೆ, ತುಮಕೂರು. ಮೂವತ್ತು ವರ್ಷ ಅವರನ್ನು ಗದರಿಸಿದ ಕಚೇರಿ ಆ ಅವಲಕ್ಕಿಯಲ್ಲಿ ಯಾವ ಕಾಳೋ ತಿಳಿಯಲಿಲ್ಲ. ದಕ್ಷಿಣದಲ್ಲಿ, ದೂರದಲ್ಲಿ, ಕುಣಿಗಲ್ ಕೆರೆ ಬೆಳ್ಳಿಯ ಹಾಗೆ ಮಿಂಚಿತು. ಅಕ್ಕನ ಊರೂ ಅಷ್ಟೇನಾ ಎನ್ನಿಸಿ, ಯಾಕೋ ಅಕ್ಕನ ಮೇಲೆ ಪ್ರೀತಿ ಬಂತು.

"ಈಗ ಮೇಲೆ ಹೋಗೋಣ," ಎಂದರು ವೆಂಕಟರಂಗಯ್ಯ.

"ಇಂಜಿನ್ ಇಲ್ದೆ ಹೆಂಗೆ?"

"ಅಗೋ, ಅವನು ದಾರಿ ತೋರಿಸ್ತಾನೆ. ಅವನು ರೆಕ್ಕೆ ಬಡೀದೆ ಏರ್ತಿದಾನೆ ಅಂದ್ರೆ ಅಲ್ಲಿ ಬಿಸಿಗಾಳಿ ಏರ್ತಿದೆ."

ಎಡಕ್ಕೆ, ರೆಕ್ಕೆಯ ತುದಿಯಿಂದ ಆಚೆ, ಒಂದು ಗರುಡ ಸುತ್ತುತ್ತಿತ್ತು. ಗ್ಲೈಡರ್ ವಾಲಿ ಅದರ ಸುತ್ತಿನೊಳಗೆ ಸೇರಿಕೊಂಡಿತು. ಕೆಳಗಿನಿಂದ ಏನೋ ದೊಡ್ಡದು ಮೆತ್ತಗೆ ಅಂಗೈಯಲ್ಲಿ ಎತ್ತಿಕೊಂಡ ಹಾಗಾಯಿತು. ಹಕ್ಕಿ ಹೆದರಲಿಲ್ಲ. ಒಂದು ಸಲ ಬಿಳಿಯ ತಲೆ ತಿರುಗಿಸಿ ಅನಂತರಾಮಯ್ಯನವರನ್ನು ನೋಡಿತು. ಬೀದಿಯಲ್ಲಿ ಎದುರು ಸಿಕ್ಕ ನೆಂಟರನ್ನು ನೋಡುವಂತೆ. ನೋಡಿ ಸುಮ್ಮನೆ ತನ್ನ ಪಾಡಿಗೆ ಸುತ್ತಿತು. ಇವರೂ ಸುತ್ತಿದರು. ಒಂದು ಸುತ್ತಿನಲ್ಲಿ ಇವರು ಸ್ವಲ್ಪ ಮೇಲಾದರು, ಹಕ್ಕಿ ಕೆಳಗಾಯಿತು. ಆಗ ಕಂಡಿತು ಅದರ ಬೆನ್ನು. ಹೊಸ ತಾಮ್ರದ ಬಣ್ಣ, ಬಿಸಿಲಿಗೆ ಗರಿಗರಿಯೂ ಹೊಳೆಯುತ್ತಿತ್ತು.

ಶನಿವಾರದ ಸಂಜೆ ಗರುಡ ಕಂಡರೆ ಜೋಡು ಬಿಟ್ಟು ಕೈಮುಗಿಯುವ ಮನೆಯವರು ಅವರು. ಆದರೆ ಎಷ್ಟೇ ಕೈಮುಗಿದರೂ ಕಂಡದ್ದು ಅದರ ಹೊಟ್ಟೆಯೇ. ಗರುಡನ ಬೆನ್ನು ಕಂಡವನು ಅದರ ಮೇಲೆ ಕೂತವನೊಬ್ಬನೇ. ಈ ಯೋಚನೆ ಬಂದದ್ದೇ ತಡ, ಅನಂತರಾಮಯ್ಯನವರಿಗೆ ಬನೀನಿನಲ್ಲಿ ಬಂದದ್ದಕ್ಕೆ ತುಂಬ ನಾಚಿಕೆಯಾಯಿತು. ಕೈಯೆತ್ತಿ ಮುಗಿದರು. ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಒರೆಸಿಕೊಳ್ಳಲು ಶಲ್ಯ ಕೆಳಗಿತ್ತು.

"ಹುಷಾರಾ ಸ್ವಾಮಿ?" ಎಂದರು ಹಿಂದಿನಿಂದ.

ಎಲ್ಲಿಂದಲೋ ಒಂದು ನಾಯಿ ಬೊಗಳಿದ್ದು ಅಷ್ಟೆತ್ತರಕ್ಕೂ ಸಣ್ಣಗೆ, ಸ್ಪಷ್ಟವಾಗಿ ಕೇಳಿಸಿತು.

ಗ್ಲೈಡರ್ ಹುಲ್ಲಿನ ಮೇಲೆ ಜಾರಿಕೊಂಡು ಬಂದು ನಿಂತಾಗ ಬೀದಿಗೆ ಬೀದಿಯೇ ಓಡಿಬಂತು. ಮೊದಲು ಮುಟ್ಟಿದವರು ಅಂಬುಜಮ್ಮ. ತಮ್ಮನ ಗಲ್ಲ, ಭುಜ, ಬೆರಳು ಎಲ್ಲವನ್ನೂ ಮುಟ್ಟಿ ಲೆಕ್ಕ ಸರಿಯಿದೆಯೇ ನೋಡಿಕೊಂಡರು.

"ಹೆಂಗಿತ್ತೋ ಅನಂತು? ಏನ್ ಕಾಣ್ತೋ? ಯಾಕೋ ಮಾತೇ ಇಲ್ಲ?"

"ವಿವರವಾಗಿ ಹೇಳ್ಬೇಕು," ಎಂದರು ಜಯರಾಮಯ್ಯ. "ಮೊದಲಿಂದ. ಒಂದೂ ಬಿಡದೆ."

ಅನಂತರಾಮಯ್ಯ ಎಲ್ಲರನ್ನೂ ನೋಡಿದರು. ಹೇಳುವುದಕ್ಕೆ ಹೆಸರಾದವರೇ ಅವರು. ಮೈಸೂರಿನ ದಸರೆಗೆ ಒಬ್ಬರೇ ಹೋಗಿಬಂದು ಆನೆಯ ಒಂದೊಂದು ಹೆಜ್ಜೆಯನ್ನೂ ಹೇಳಿದ್ದರು. ಸಿನಿಮಾ ನೋಡಿಬಂದರೆ ಸಿನಿಮಾಕ್ಕಿಂತ ಉದ್ದವಾಗಿ ಕಥೆ ಹೇಳಿದ್ದರು. ಕಮಲಾಕ್ಷಮ್ಮ ಮದುವೆಯಾದಾಗಿನಿಂದ ಹಿಟ್ಟು ರುಬ್ಬುತ್ತ, ಬತ್ತಿ ಹೊಸೆಯುತ್ತ, ಗಂಡನ ಬಾಯಲ್ಲೇ ಲೋಕವನ್ನೆಲ್ಲ ನೋಡಿ ಮುಗಿಸಿದ್ದರು. ಈಗಲೂ ಅವರು ಕೋಟು, ಪೇಟ, ಜೋಡು ಎಲ್ಲವನ್ನೂ ಅಪ್ಪಿಕೊಂಡು ಕೇಳಲು ಸಿದ್ಧರಾಗಿ ನಿಂತಿದ್ದರು.

ಅನಂತರಾಮಯ್ಯ ಅವರ ಹತ್ತಿರ ಹೋಗಿ ಕೈಯಲ್ಲಿದ್ದುದನ್ನೆಲ್ಲ ಇಸಿದುಕೊಂಡರು.

"ನೀನು ಹೋಗು."

"ನಾನಾ? ಎಲ್ಲಿಗ್ರೀ?"

"ಮೇಲಕ್ಕೆ. ನಂಗೆ ಹೇಳೋಕೆ ಬರಲ್ಲ ಕಣೇ. ಇದೊಂದು ಹೇಳೋಕೆ ಬರಲ್ಲ. ನೀನೇ ಹೋಗಿ ನೋಡ್ಕೊಂಡ್ ಬಾ."

"ತಲೆ ಕೆಟ್ಟಿದ್ಯಾ ನಿಮಗೆ? ಜನ ಏನಂತಾರೆ? ಸೀರೆ ಬೇರೆ…"

"ಸೀರೆ ಬಿಗಿಯಾಗಿ ಸಿಕ್ಸಿಕೋ."

ಎಲ್ಲರೂ ಅಂಬುಜಮ್ಮನವರ ಕಡೆ ತಿರುಗಿದರು. ಇಂಥ ಪ್ರಸಂಗದಲ್ಲಿ ಅವರೇ ಸುಪ್ರೀಂಕೋರ್ಟು. ಅಂಬುಜಮ್ಮ ಬಾಯಿ ತೆರೆದರು. ತಮ್ಮನ ಒದ್ದೆಯಾದ ಮುಖ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಏನೂ ಹೇಳದೆ ಬಾಯಿ ಮುಚ್ಚಿದರು. ಆಮೇಲೆ ನಾದಿನಿಯ ಸೆರಗು ಎಳೆದು ತಾವೇ ಸೊಂಟಕ್ಕೆ ಬಿಗಿಯಾಗಿ ಸುತ್ತಿ ಸಿಕ್ಕಿಸಿದರು.

"ಹೋಗಿ ಬಾರೇ. ಕುಣಿಗಲ್ ಕಾಣತ್ತಾ ನೋಡು."

ಕಮಲಾಕ್ಷಮ್ಮನವರನ್ನು ಯಾರೂ ತೂಗಲಿಲ್ಲ. ವೆಂಕಟರಂಗಯ್ಯ ಒಮ್ಮೆ ನೋಡಿ, ಭಾರ ಸಾಲದೆಂದು ಸೀಟಿನ ಕೆಳಗೆ ಎರಡು ಮರಳುಚೀಲ ಇಡಿಸಿದರು. ಗಾಜಿನ ಮುಚ್ಚಳ ಮುಚ್ಚುವ ಮೊದಲು ಕಮಲಾಕ್ಷಮ್ಮ ಮೂಗುಬಟ್ಟನ್ನು ಮುಟ್ಟಿ ನೋಡಿಕೊಂಡು ಗಂಡನ ಕಡೆ ತಿರುಗಿದರು. ನಗುವೋ ಅಳುವೋ ತಿಳಿಯಲಿಲ್ಲ.

"ಭಾವ, ರೆಕ್ಕೆ ವಾಲದ ಹಾಗೆ ತುದಿ ಹಿಡಿಯೋಕೆ ಒಬ್ರು ಬೇಕು," ಎಂದ ಯೋಗನರಸಿಂಹ. "ಹೊರಟಾಗ ಜೊತೆಗೆ ಓಡ್ಬೇಕು. ಅದೇ ಕೈ ಬಿಟ್ಟು ಹೋಗತ್ತೆ."

ಅನಂತರಾಮಯ್ಯ ಕೋಟು ಪೇಟಗಳನ್ನು ಅಕ್ಕನ ಕೈಗೆ ಹಾಕಿ, ಪಂಚೆ ಎತ್ತಿಕಟ್ಟಿ, ರೆಕ್ಕೆಯ ತುದಿಯನ್ನು ಹಿಡಿದರು. ಹಗ್ಗ ಬಿಗಿಯಿತು. ಗ್ಲೈಡರ್ ಹೊರಟಿತು. ಅವರೂ ಓಡಿದರು. ಒಂದು ತಿಂಗಳ ಒಬ್ಬಟ್ಟು, ತುಪ್ಪ, ಮಿಠಾಯಿ ಎಲ್ಲವನ್ನೂ ಹೊತ್ತುಕೊಂಡು, ಬರಿಗಾಲಿನಲ್ಲಿ, ಹುಲ್ಲಿನ ಮೇಲೆ, ಯಾರೂ ಅವರು ಓಡಿದ್ದನ್ನು ಕಂಡಿರದ ಹಾಗೆ ಓಡಿದರು. ಅಂಗೈಯಲ್ಲಿದ್ದ ರೆಕ್ಕೆ ಮೊದಲು ಭಾರವಾಗಿತ್ತು. ಹಗುರಾಯಿತು. ಇನ್ನೂ ಹಗುರಾಯಿತು. ಆಮೇಲೆ ಅಂಗೈಯಲ್ಲಿ ಏನೂ ಇರಲಿಲ್ಲ.

ಗ್ಲೈಡರ್ ನೆಟ್ಟಗೆ ಆಕಾಶಕ್ಕೆ ಏರಿತು. ಅನಂತರಾಮಯ್ಯ ನಿಂತಲ್ಲೇ ಏದುಸಿರು ಬಿಡುತ್ತ ಕೈ ಮೇಲಕ್ಕೆ ಎತ್ತಿಕೊಂಡೇ ನಿಂತಿದ್ದರು. ಹೆಂಡತಿಯನ್ನು ಬೀಳ್ಕೊಡುತ್ತಿದ್ದಾರೆ ಎಂದರು ಜಯರಾಮಯ್ಯ. ಆಶೀರ್ವಾದ ಮಾಡುತ್ತಿದ್ದಾರೆ ಎಂದರು ಪುರೋಹಿತರು. ಎರಡೂ ಅಲ್ಲ. ಅವರು ಕೈ ಇಳಿಸುವುದನ್ನು ಮರೆತಿದ್ದರು, ಅಷ್ಟೆ.